ಮಗನ ಜೊತೆ ಹೆಜ್ಜೆ ಹಾಕಿದ ಟೀಚರಮ್ಮ



ಚರಿತ್ರೆ ಅಂದ ಕೂಡಲೇ ನಮಗೆ ನೆನಪಾಗುವುದು ರಾಜರು, ಕೋಟೆಗಳು, ಯುದ್ಧಗಳು. ಈ ಸಲದ ಚರಿತ್ರೆಯಲ್ಲಿ ಅವು ಯಾವುವೂ ಇಲ್ಲ. ಇದು ಒಂದಿಷ್ಟು ಅಪ್ಪ ಅಮ್ಮಂದಿರ ಚರಿತ್ರೆ. ತಮ್ಮ ಮಗ ಸಲಿಂಗಿ, ತಮ್ಮ ಮಗಳಿಗೆ ಹುಡುಗಿಯ ಮೇಲೆಯೇ ಪ್ರೀತಿ, ಗಂಡು ಅಂದುಕೊಂಡು ಬೆಳೆಸಿದ ಮಗು ತಾನು ಹೆಣ್ಣು ಅನ್ನುತ್ತಿದೆ - ಇಂಥ ಮಾತನ್ನು ಒಂದು ದಿನ ಇದ್ದಕ್ಕಿದ್ದಂತೆ ಕೇಳಿಸಿಕೊಂಡು, ಆಮೇಲೆ ಏನು ಮಾಡುವುದೆಂದು ತಿಳಿಯದೆ ಕೂತ ಹೆತ್ತವರದು. ಹಾಗೆ ಕೂತವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋದದ್ದೇ ಈ ಚರಿತ್ರೆ.

"ಹೆತ್ತವರಿಗೆ ಹೆಗ್ಗಣ ಮುದ್ದು" ಅಂತ ನಮ್ಮಲ್ಲೊಂದು ಗಾದೆಯಿದೆ. ಈ ಗಾದೆಯನ್ನು ಇಲ್ಲಿ ಬಳಸಲು ನನಗೆ ಮನಸ್ಸಿಲ್ಲ. ಯಾಕೆಂದರೆ ಈ ಹೆತ್ತವರು ಕೊನೆಗೆ ಕಂಡುಕೊಂಡ ಸತ್ಯ, ತಮ್ಮ ಮಗು ಹೆಗ್ಗಣವಲ್ಲ ಅನ್ನುವುದೇ. ಕೊರತೆಯನ್ನು ಸಹಿಸಿಕೊಂಡು ಪ್ರೀತಿಸುವುದು ಬೇರೆ, ಕೊರತೆಯೇ ಇಲ್ಲವೆಂದು ಅರಿತು ಪ್ರೀತಿಸುವುದು ಬೇರೆ. ಇವೆರಡರ ನಡುವಿನ ದಾರಿಯನ್ನು ಒಂಟಿಯಾಗಿ ದಾಟುವುದು ಕಷ್ಟ. ಅದಕ್ಕೇ ಜೊತೆ ಬೇಕಾಯಿತು.

ನ್ಯೂಯಾರ್ಕಿನ ಒಂದು ಪತ್ರ

ಕತೆ ಆರಂಭವಾಗುವುದು ಅಮೆರಿಕದಲ್ಲಿ. ಜೀನ್ ಮ್ಯಾನ್‌ಫೋರ್ಡ್ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದ ಟೀಚರ್. ಗಂಡ ಜೂಲ್ಸ್ ಹಲ್ಲಿನ ಡಾಕ್ಟರು. ಹಿರಿಯ ಮಗ 1966ರಲ್ಲೇ ತೀರಿಕೊಂಡಿದ್ದ. ಉಳಿದ ಮಗ ಮಾರ್ಟಿ ಸಲಿಂಗಿ, ಜೊತೆಗೆ ಚಳವಳಿಗಾರ. 1969ರ ಜೂನ್ ತಿಂಗಳಲ್ಲಿ ಸ್ಟೋನ್‌ವಾಲ್ ಎಂಬ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ತಿರುಗಿಬಿದ್ದಿದ್ದರು. ಆ ನಂತರ ಎದ್ದ ಅಲೆಯಲ್ಲಿ ಮಾರ್ಟಿಯೂ ಇದ್ದ.

1972ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ಪತ್ರಕರ್ತರ ಮತ್ತು ರಾಜಕಾರಣಿಗಳ ಭಾರೀ ಔತಣಕೂಟ ನಡೆದಿತ್ತು. ಪತ್ರಿಕೆಗಳು ಸಲಿಂಗಿಗಳನ್ನು ಬಿಂಬಿಸುವ ರೀತಿಯನ್ನು ವಿರೋಧಿಸಿ ಮಾರ್ಟಿ ಮತ್ತವನ ಗೆಳೆಯರು ಅಲ್ಲಿ ಕರಪತ್ರ ಹಂಚಲು ಹೋದರು. ಅವರಿಗೆ ಹೊಡೆತ ಬಿತ್ತು. ಮಾರ್ಟಿ ಆಸ್ಪತ್ರೆ ಸೇರಿದ. ಆತನನ್ನು ಹೊಡೆದ ಆರೋಪ ಬಂದದ್ದು ನಗರದ ಅಗ್ನಿಶಾಮಕ ನೌಕರರ ಸಂಘದ ಮುಖಂಡರ ಮೇಲೆ. ನ್ಯಾಯಾಲಯದಲ್ಲಿ ಅವರು ಖುಲಾಸೆಯಾದರು.

ಪೊಲೀಸರು ಅಲ್ಲೇ ಇದ್ದೂ ತಡೆಯಲಿಲ್ಲ ಅನ್ನುವುದು ಜೀನ್ ಅವರನ್ನು ಕೆರಳಿಸಿತು. ಅವರು ಸಭೆ ಕರೆಯಲಿಲ್ಲ, ಘೋಷಣೆ ಕೂಗಲಿಲ್ಲ. ಟೀಚರಮ್ಮ ಮಾಡುವ ಕೆಲಸವನ್ನೇ ಮಾಡಿದರು, ಕೂತು ಒಂದು ಪತ್ರ ಬರೆದರು. 'ನ್ಯೂಯಾರ್ಕ್ ಪೋಸ್ಟ್' ಪತ್ರಿಕೆ ಆ ತಿಂಗಳ ಕೊನೆಯಲ್ಲಿ ಅದನ್ನು ಪ್ರಕಟಿಸಿತು. ತನ್ನ ಮಗ ಸಲಿಂಗಿ, ತಾನು ಅವನನ್ನು ಪ್ರೀತಿಸುತ್ತೇನೆ ಎಂದು ಆಕೆ ತಮ್ಮ ಹೆಸರು ಹಾಕಿಯೇ ಬರೆದಿದ್ದರು.

ಇದರಲ್ಲೇನು ದೊಡ್ಡದು ಅನ್ನಿಸಬಹುದು. ಆ ಕಾಲವನ್ನು ನೆನೆಯಿರಿ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟುಕೊಂಡಿದ್ದ ಕಾಲ ಅದು. ಆ ಪಟ್ಟಿಯಿಂದ ಅದನ್ನು ತೆಗೆಯಲು ತೀರ್ಮಾನಿಸಿದ್ದು 1973ರ ಡಿಸೆಂಬರ್‌ನಲ್ಲಿ. ಮಗು ಹೀಗಾಗಲು ತಾಯಿಯ ಅತಿ ಮುದ್ದು ಕಾರಣ, ತಂದೆಯ ಅತಿ ದೂರ ಕಾರಣ ಎಂದು ಓದಿದ ಡಾಕ್ಟರುಗಳೇ ಹೇಳುತ್ತಿದ್ದರು. ಅಂದರೆ ಅಮ್ಮನೊಬ್ಬಳು ಆ ಪತ್ರ ಬರೆದರೆ ಆರೋಪಿಯೇ ಎದ್ದು ಸಾಕ್ಷಿ ನುಡಿದಂತೆ!

ಆ ವರ್ಷದ ಜೂನ್ 25ರಂದು ನ್ಯೂಯಾರ್ಕಿನಲ್ಲಿ ಸಲಿಂಗಿಗಳ ಮೆರವಣಿಗೆ. ಮಗನ ಪಕ್ಕದಲ್ಲಿ ಜೀನ್ ನಡೆದರು. ಸಲಿಂಗಿಗಳ ಹೆತ್ತವರೇ, ಮಕ್ಕಳ ಬೆಂಬಲಕ್ಕೆ ಒಂದಾಗಿ ಎಂಬ ಅರ್ಥದ ಫಲಕ ಅವರ ಕೈಯಲ್ಲಿತ್ತು. ರಸ್ತೆಯ ಎರಡೂ ಬದಿಯಲ್ಲಿ ಚಪ್ಪಾಳೆ, ಕೇಕೆ. ಮಕ್ಕಳ ಪಾಲನೆಯ ಪುಸ್ತಕ ಬರೆದು ಮನೆಮಾತಾಗಿದ್ದ ಡಾ. ಬೆಂಜಮಿನ್ ಸ್ಪಾಕ್ ಅವರ ಹಿಂದೆಯೇ ಬರುತ್ತಿದ್ದರಂತೆ. ಚಪ್ಪಾಳೆ ಅವರಿಗಿರಬೇಕು ಅಂದುಕೊಂಡರು ಜೀನ್. ಆದರೆ ಅದು ಈ ಟೀಚರಮ್ಮನಿಗೇ ಆಗಿತ್ತು. ಹುಡುಗರು ಹುಡುಗಿಯರು ಓಡಿಬಂದು ಕೈಹಿಡಿದರು. ಅವರೆಲ್ಲರದೂ ಒಂದೇ ಬೇಡಿಕೆ: ನಮ್ಮ ಅಮ್ಮನ ಹತ್ತಿರ ಮಾತಾಡುತ್ತೀರಾ? ನಮ್ಮ ಅಪ್ಪನಿಗೆ ಸ್ವಲ್ಪ ತಿಳಿಸಿ ಹೇಳುತ್ತೀರಾ?

ಸಂಘ ಹುಟ್ಟಿದ್ದು ಈ ಬೇಡಿಕೆಯಿಂದಲೇ. ಮಕ್ಕಳ ಮಾತು ಅಪ್ಪ ಅಮ್ಮನಿಗೆ ತಾಗುವುದಿಲ್ಲ, ಇನ್ನೊಬ್ಬ ಅಮ್ಮನ ಮಾತು ತಾಗಬಹುದು! 1973ರ ಮಾರ್ಚ್‌ನಲ್ಲಿ ಗ್ರೀನ್‌ವಿಚ್ ವಿಲೇಜ್ ಬಡಾವಣೆಯ ಮೆಥಡಿಸ್ಟ್ ಚರ್ಚೊಂದರಲ್ಲಿ ಮೊದಲ ಸಭೆ ಸೇರಿತು. ಬಂದವರು ಸುಮಾರು 20 ಜನ. ನಮ್ಮ ಊರಿನ ಕನ್ನಡ ಸಂಘದ ಕಾರ್ಯಕಾರಿ ಸಮಿತಿಗೂ ಅಷ್ಟೇ ಜನ ಬರುತ್ತಾರೆ ಅನ್ನಿ!

ಅಂಥ ಸಭೆಯಲ್ಲಿ ಏನು ನಡೆಯುತ್ತದೆ?

ಭಾಷಣವಿಲ್ಲ. ಕುರ್ಚಿಗಳನ್ನು ಸುತ್ತಲೂ ಹಾಕಿ ಕೂರುತ್ತಾರೆ. ಇಲ್ಲಿ ಆಡಿದ್ದು ಇಲ್ಲಿಯೇ ಉಳಿಯಬೇಕು, ಹೊರಗೆ ಹೋಗಕೂಡದು - ಇದು ಮೊದಲ ಕಟ್ಟಳೆ. ಹೊಸದಾಗಿ ಬಂದವರು ಮಾತಾಡಬಹುದು, ಸುಮ್ಮನೆ ಕೂರಲೂಬಹುದು, ಅತ್ತರೂ ಯಾರೂ ಏನೂ ಅನ್ನುವುದಿಲ್ಲ. ಐದು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಅತ್ತ ತಾಯಿ ಈಗ ಪಕ್ಕದಲ್ಲಿ ನಗುತ್ತ ಕೂತಿರುತ್ತಾಳೆ. ಅವಳನ್ನು ನೋಡುವುದೇ ಅರ್ಧ ಔಷಧಿ.

ಕೇಳುವ ಪ್ರಶ್ನೆಗಳೂ ಎಲ್ಲ ದೇಶದಲ್ಲಿ ಒಂದೇ. ನಾವು ಎಲ್ಲಿ ತಪ್ಪಿದೆವು? ಇದು ಸರಿಹೋಗುತ್ತದಾ? ಬಂಧುಗಳಿಗೆ ಏನು ಹೇಳುವುದು? ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ? ಕೊನೆಯ ಪ್ರಶ್ನೆ ಗಮನಿಸಿ. ಸಿಟ್ಟಿನ ಕೆಳಗೆ, ಮರ್ಯಾದೆಯ ಅಂಜಿಕೆಯ ಕೆಳಗೆ, ತಳದಲ್ಲಿ ಕೂತಿರುವ ಪ್ರಶ್ನೆ ಅದು.

ಚರ್ಚಿನಲ್ಲಿ ಸೇರಿದ ಆ ಗುಂಪಿನಂಥವೇ ಬೇರೆ ಬೇರೆ ಊರುಗಳಲ್ಲಿ ಹುಟ್ಟಿದವು. 1980ರ ದಶಕದ ಆರಂಭದಲ್ಲಿ ಅವು ಕೂಡಿ ರಾಷ್ಟ್ರೀಯ ಸಂಸ್ಥೆಯಾಯಿತು. ಹೆಸರು ಚಿಕ್ಕದಾಗಿ 'ಪಿಫ್ಲಾಗ್'. ಅದರ ಮೊದಲ ಅಧ್ಯಕ್ಷೆ ಲಾಸ್ ಏಂಜಲೀಸ್‌ನ ಅಡೆಲ್ ಸ್ಟಾರ್, ಅವರೂ ಒಬ್ಬ ತಾಯಿ. ಆಗಲೇ ಏಡ್ಸ್ ಪಿಡುಗು ಬಂದಿತ್ತು. ಮಗ ಸಲಿಂಗಿ ಎಂಬುದೂ ಅವನು ಸಾಯುತ್ತಿದ್ದಾನೆ ಎಂಬುದೂ ಎಷ್ಟೋ ಮನೆಗಳಿಗೆ ಒಂದೇ ದಿನ ತಿಳಿದವು. ಜೀನ್ ಅವರ ಮಾರ್ಟಿ ಕೂಡ 1992ರಲ್ಲಿ ಅದೇ ಕಾಯಿಲೆಗೆ 41ನೇ ವಯಸ್ಸಿನಲ್ಲಿ ಬಲಿಯಾದ. ಜೀನ್ 2013ರ ಜನವರಿಯಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುತಿಂಗಳೇ ಅಧ್ಯಕ್ಷ ಒಬಾಮ ಅವರಿಗೆ ಮರಣೋತ್ತರ ಪದಕ ನೀಡಿದರು.

ಒಂದು ಮಾತು ಮುಚ್ಚಿಡಬಾರದು. ಈ ಸಂಸ್ಥೆ ಟ್ರಾನ್ಸ್‌ಜೆಂಡರ್ ಮಕ್ಕಳ ಕುಟುಂಬಗಳನ್ನೂ ತನ್ನ ಧ್ಯೇಯದಲ್ಲಿ ಸೇರಿಸಿಕೊಂಡದ್ದು 1998ರಲ್ಲಿ. ಮೊದಲ ಸಭೆ ನಡೆದು 25 ವರ್ಷ ಆದಮೇಲೆ! ಹೊರಗಿಟ್ಟವರ ಸಂಘದಲ್ಲೂ ಇನ್ನಷ್ಟು ಹೊರಗೆ ಉಳಿದವರಿದ್ದರು.

ನಮ್ಮ ದೇಶದ ಅಮ್ಮಂದಿರು

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಹೆತ್ತವರ ಎದುರಿಗೆ ಸಮಾಜ ಮಾತ್ರವಲ್ಲ, ಬ್ರಿಟಿಷರು ಬಿಟ್ಟುಹೋದ ಕಾನೂನೂ ನಿಂತಿತ್ತು. 1860ರ ದಂಡಸಂಹಿತೆಯ 377ನೇ ಕಲಮಿನ ಪ್ರಕಾರ ಸಲಿಂಗ ಸಂಬಂಧ ಅಪರಾಧ. ಮಗ ಅಪರಾಧಿಯಾದರೆ ಅವನಿಗೆ ಮನೆಯಲ್ಲಿ ಜಾಗ ಕೊಟ್ಟ ಅಪ್ಪ ಅಮ್ಮ ಏನಾಗುತ್ತಾರೆ?

ದೆಹಲಿಯ ಯುವ ಚಿತ್ರನಿರ್ದೇಶಕ ನಿಶಿತ್ ಸರನ್ ತಾನು ಸಲಿಂಗಿ ಎಂಬುದನ್ನು ಕ್ಯಾಮೆರಾ ಮುಂದೆಯೇ ತಾಯಿಗೆ ತಿಳಿಸಿ, ಅದನ್ನೇ 1999ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. 2002ರಲ್ಲಿ ರಸ್ತೆ ಅಪಘಾತದಲ್ಲಿ ನಿಶಿತ್ ತೀರಿಕೊಂಡರು. ಅಮ್ಮ ಮಿನ್ನಾ ಸರನ್ ಮಗನ ಜೊತೆಗೇ ಆ ವಿಷಯವನ್ನೂ ಮಣ್ಣು ಮಾಡಬಹುದಿತ್ತು. ಮಾಡಲಿಲ್ಲ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ತೀರ್ಪು ನೀಡಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಮೇಲ್ಮನವಿಗಳು ಹೋದಾಗ, ಮಿನ್ನಾ ಸರನ್ ಮತ್ತು ಇನ್ನೂ ಕೆಲವು ಹೆತ್ತವರು ತಮ್ಮ ಮಾತನ್ನೂ ಕೇಳಬೇಕೆಂದು ಆ ಮೊಕದ್ದಮೆಯಲ್ಲಿ ಸೇರಿಕೊಂಡರು. ಅವರಲ್ಲಿ ಮುಂಬಯಿಯ ರಂಗಕರ್ಮಿ ಚಿತ್ರಾ ಪಾಲೇಕರ್ ಅವರೂ ಒಬ್ಬರು. ಆ ಹೆತ್ತವರ ಪರವಾಗಿ ವಾದಿಸಿದವರು ಹಿರಿಯ ವಕೀಲ ಫಾಲಿ ನಾರಿಮನ್. ಈ ಕಾನೂನು ನಮ್ಮ ಮಕ್ಕಳನ್ನು ಮಾತ್ರವಲ್ಲ, ನಮ್ಮ ಮನೆಗಳನ್ನೂ ಹಿಂಸಿಸುತ್ತಿದೆ ಎಂಬುದು ಅವರ ಅಳಲು.

2013ರ ಡಿಸೆಂಬರ್ 11ರಂದು ಅವರು ಸೋತರು. ಕಲಮು ಮತ್ತೆ ಊರ್ಜಿತವಾಯಿತು. ಮುಂದಿನ ತಿಂಗಳು ಪತ್ರಿಕೆಯೊಂದರಲ್ಲಿ ಒಂದು ಲೇಖನ ಬಂತು. ಬರೆದವರು ಲೀಲಾ ಸೇಠ್, ದೇಶದಲ್ಲಿ ಹೈಕೋರ್ಟೊಂದರ ಮುಖ್ಯ ನ್ಯಾಯಮೂರ್ತಿಯಾದ ಮೊದಲ ಮಹಿಳೆ. ಲೇಖಕ ವಿಕ್ರಮ್ ಸೇಠ್ ಅವರ ಮಗ. 83ರ ವಯಸ್ಸಿನ ಆ ಹಿರಿಯರು ತಾಯಿಯಾಗಿಯೂ ನ್ಯಾಯಾಧೀಶೆಯಾಗಿಯೂ ಮಾತಾಡಿದರು. ನ್ಯೂಯಾರ್ಕಿನ ಟೀಚರಮ್ಮನ ಪತ್ರ ಬಂದು 42 ವರ್ಷವಾಗುತ್ತ ಬಂದಿತ್ತು. ಲೀಲಾ ಸೇಠ್ 2017ರಲ್ಲಿ ತೀರಿಕೊಂಡರು, ಗೆಲುವನ್ನು ನೋಡಲಿಲ್ಲ.

ಗೆಲುವು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಕಲಮಿನ ಆ ಭಾಗವನ್ನು ತೆಗೆದುಹಾಕಿತು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ತಮ್ಮ ತೀರ್ಪಿನಲ್ಲಿ, ಚರಿತ್ರೆ ಈ ಸಮುದಾಯದ ಕ್ಷಮೆ ಕೇಳಬೇಕೆಂದರು. ಸಮುದಾಯದ ಜೊತೆಗೆ ಅವರ ಕುಟುಂಬಗಳ ಕ್ಷಮೆಯನ್ನೂ ಕೇಳಬೇಕೆಂದು ಸೇರಿಸಿದರು. ಆ ಒಂದು ಮಾತಿಗಾಗಿ ಎಷ್ಟು ಅಪ್ಪ ಅಮ್ಮಂದಿರು ಕಾದಿದ್ದರೋ!

ಮುಂಬಯಿಯ 'ಸ್ವೀಕಾರ್', ಮಂಡ್ಯದ ನಂಟು

ಮುಂಬಯಿ ಕೇಳುಗರಿಗೆ 2015ರ ಒಂದು ಜಾಹೀರಾತು ನೆನಪಿರಬಹುದು. ಪದ್ಮಾ ಅಯ್ಯರ್ ಎಂಬ ತಾಯಿ ತಮ್ಮ ಮಗ ಹರೀಶನಿಗೆ ವರ ಬೇಕೆಂದು ಕೊಟ್ಟ ವಿವಾಹ ಜಾಹೀರಾತು 'ಮಿಡ್-ಡೇ' ಪತ್ರಿಕೆಯಲ್ಲಿ ಬಂದಿತ್ತು. ಜಾತಿ ಅಡ್ಡಿಯಿಲ್ಲ, ಅಯ್ಯರ್ ಆದರೆ ಒಳ್ಳೆಯದು ಎಂದು ಅದರಲ್ಲಿತ್ತು. ಅದಕ್ಕೆ ಟೀಕೆಯೂ ಬಂತು, ನಗುವೂ ಬಂತು. ಆದರೆ ಮಗನಿಗೆ ಜೊತೆ ಹುಡುಕುವುದು ಅಮ್ಮನ ಕೆಲಸ ತಾನೇ ಎಂಬ ಆ ಸಹಜತೆಯೇ ಅದರ ಹೊಸತನ.

ಎರಡು ವರ್ಷದ ನಂತರ, 2017ರಲ್ಲಿ, ಅದೇ ಮುಂಬಯಿಯಲ್ಲಿ ಹೆತ್ತವರ ಗುಂಪೊಂದು ಹುಟ್ಟಿತು. ಹೆಸರು 'ಸ್ವೀಕಾರ್'. ಅದಕ್ಕೆ ಬೆನ್ನೆಲುಬಾದವರು ನಮ್ಮ ಮಂಡ್ಯದಲ್ಲಿ ಹುಟ್ಟಿದ ಚಿತ್ರನಿರ್ದೇಶಕ ಶ್ರೀಧರ್ ರಂಗಾಯನ್. 1994ರಲ್ಲಿ ಅಲ್ಲಿ ಆರಂಭವಾದ ಹಮ್‌ಸಫರ್ ಟ್ರಸ್ಟಿನ ಸ್ಥಾಪಕರಲ್ಲೂ ಅವರೊಬ್ಬರು. 2018ರಲ್ಲಿ ತೆರೆಕಂಡ ಅವರ 'ಈವನಿಂಗ್ ಶ್ಯಾಡೋಸ್' ಚಿತ್ರ, ಮುಂಬಯಿಯಿಂದ ಊರಿಗೆ ಬಂದ ಮಗ ದಕ್ಷಿಣದ ಪುಟ್ಟ ಊರಿನ ಸಾಂಪ್ರದಾಯಿಕ ತಾಯಿಗೆ ತನ್ನ ಗುಟ್ಟು ಹೇಳುವ ಕತೆ. ಊರು ಬಿಟ್ಟು ದೊಡ್ಡ ನಗರ ಸೇರಿದ ಮಗ, ಊರಲ್ಲೇ ಉಳಿದ ಅಮ್ಮ. ಹೊರನಾಡ ಕನ್ನಡಿಗರಾದ ನಮಗೆ ಈ ದೂರ ಎಷ್ಟು ಪರಿಚಿತ ಅಲ್ಲವೇ?

2023ರಲ್ಲಿ ಸಲಿಂಗ ವಿವಾಹದ ಮೊಕದ್ದಮೆ ನಡೆಯುವಾಗ 'ಸ್ವೀಕಾರ್' ಪರವಾಗಿ 400ಕ್ಕೂ ಹೆಚ್ಚು ಹೆತ್ತವರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ನಾವಿರುವಾಗಲೇ ಮಕ್ಕಳ ಮದುವೆಗೆ ಕಾನೂನಿನ ಮುದ್ರೆ ನೋಡುವ ಆಸೆಯಿದೆ ಎಂಬುದು ಅದರ ಸಾರ. ಅಕ್ಟೋಬರ್ 17ರ ತೀರ್ಪು ಆ ಆಸೆಯನ್ನು ಈಡೇರಿಸಲಿಲ್ಲ. ಆದರೂ ಎಣಿಕೆ ನೋಡಿ. ಚರ್ಚಿನಲ್ಲಿ ಸೇರಿದ್ದು 20 ಜನ, ಇಲ್ಲಿ ಸಹಿ ಹಾಕಿದ್ದು ನಾನೂರಕ್ಕೂ ಮಿಗಿಲು.

ಮನೆ ಬಿಟ್ಟವರ ಮಾತು

ಈ ಚರಿತ್ರೆಯಲ್ಲಿ ಒಂದು ಖಾಲಿ ಜಾಗವಿದೆ. ಟ್ರಾನ್ಸ್‌ಜೆಂಡರ್ ಮಕ್ಕಳಲ್ಲಿ ಅನೇಕರು ಹೆತ್ತವರು ಯಾವ ಸಭೆಗೂ ಹೋಗುವ ಮೊದಲೇ ಮನೆ ಬಿಟ್ಟಿರುತ್ತಾರೆ. ಅಂಥವರಿಗೆ ಹಿಜಡಾ ಸಮುದಾಯದ ಗುರುವೇ ತಾಯಿ, ಜೊತೆಯವರೇ ಅಕ್ಕ ತಂಗಿ. ಬಳ್ಳಾರಿ ಸೀಮೆಯ ಜೋಗತಿ ಮಂಜಮ್ಮನವರ ಬದುಕು ನಿಮಗೆ ಗೊತ್ತಿರಬಹುದು. ಹುಡುಗನಲ್ಲಿ ಹೆಣ್ಣುತನ ಕಂಡ ಮನೆಯವರು ಹುಲಿಗಿಯಲ್ಲಿ ಮುತ್ತು ಕಟ್ಟಿಸಿದರು. ಸಂಪ್ರದಾಯ ಅವರಿಗೊಂದು ಜಾಗ ಕೊಟ್ಟಿತು ನಿಜ, ಆದರೆ ಮನೆ ತಪ್ಪಿತು. ವಿಷ ಕುಡಿದು ಬದುಕುಳಿದ ಅವರು ಜೋಗತಿ ಕುಣಿತ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ದೇಶವೇ ಮೆಚ್ಚಿ ನೋಡಿತು. ಪದಕ ಬಂದ ಮೇಲೆ ಹೆಮ್ಮೆಪಡುವುದು ಸುಲಭ. 15ರ ವಯಸ್ಸಿನಲ್ಲಿ ಊಟಕ್ಕೆ ಕೂರಿಸಿಕೊಳ್ಳುವುದು ಕಷ್ಟ.

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೃತೀಯ ಲಿಂಗಿಗಳ ಹಕ್ಕನ್ನು ಎತ್ತಿಹಿಡಿಯಿತು. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ. 1ರ ಮೀಸಲಾತಿ ತಂದು, ಈ ವಿಷಯದಲ್ಲಿ ದೇಶದ ಮೊದಲ ರಾಜ್ಯವಾಯಿತು. ಇವೆಲ್ಲ ದೊಡ್ಡ ಹೆಜ್ಜೆಗಳು. ಆದರೆ ಮನೆಯ ಬಾಗಿಲು ತೆರೆದಿರಲಿ ಎಂದು ಆಜ್ಞೆ ಮಾಡುವ ಶಕ್ತಿ ಯಾವ ತೀರ್ಪಿಗೂ ಇಲ್ಲ. ಆ ಚಿಲಕ ಒಳಗಡೆಯಿಂದ ಹಾಕಿದ್ದು, ಒಳಗಿದ್ದವರೇ ತೆಗೆಯಬೇಕು.

ನಮ್ಮ ಕೇಳುಗರಲ್ಲಿ ಯಾರಾದರೂ ಇಂಥ ಮಾತನ್ನು ಈಚೆಗೆ ಮಕ್ಕಳಿಂದ ಕೇಳಿಸಿಕೊಂಡಿರಬಹುದು. ಊರಿನ ಅಣ್ಣನಿಗೆ ಹೇಳುವಂತಿಲ್ಲ, ಪಕ್ಕದ ಮನೆಯವರ ಭಾಷೆಯೇ ಬೇರೆ, ಕನ್ನಡ ಸಂಘದಲ್ಲಿ ನಾಲ್ಕು ಜನ ಏನಂದಾರೋ ಎಂಬ ಭಯ. ನಿಮ್ಮ ಹಾಗೆಯೇ ರಾತ್ರಿ ನಿದ್ದೆಗೆಟ್ಟ ಅಪ್ಪ ಅಮ್ಮ ಬೇಕಾದಷ್ಟು ಜನ ಇದ್ದಾರೆ, ನಿಮ್ಮ ನಗರದಲ್ಲೇ ಇದ್ದಾರೆ. ಅವರಲ್ಲೊಬ್ಬರ ಜೊತೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೂತು ನೋಡಿ. ಅದಕ್ಕೂ ಮೊದಲು, ಪಕ್ಕದ ಕೋಣೆಯಲ್ಲಿ ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ ಮಗುವಿಗೆ "ಊಟ ಮಾಡಿದೆಯಾ?" ಅಂತ ಕೇಳಿ. ಉಳಿದದ್ದನ್ನು ನಾಳೆ ಮಾತಾಡಬಹುದು.