ಸೀಮೆಎಣ್ಣೆ, ಸರ್ಫು ಮತ್ತು ಅಪ್ಪನ ಯೆಜ್ಡಿ

ಈ ಸಲ ದಸರಾ ರಜೆಗೆ ಮೈಸೂರಿಗೆ ಹೋದಾಗ ಅಪ್ಪ ಒಂದು ಬಾಂಬ್ ಹಾಕಿದರು. "ಗಾಡಿ ಮಾರಿಬಿಡೋಣ ಅಂತಿದೀನಿ. ಮಂಡಿ ಕೇಳ್ತಾ ಇಲ್ಲ, ಕಿಕ್ ಹೊಡಿಯೋಕೆ ಆಗಲ್ಲ. ಭಾನುವಾರ ಒಬ್ರು ನೋಡೋಕೆ ಬರ್ತಾರೆ, ಸ್ವಲ್ಪ ತೊಳೆದು ಕೊಡು."

ಗಾಡಿ ಅಂದ್ರೆ 1989ರ ಯೆಜ್ಡಿ ರೋಡ್‌ಕಿಂಗ್. ನನಗಿಂತ ಹಿರಿಯ! ಎಷ್ಟೋ ವರ್ಷದಿಂದ ಶೆಡ್ಡಿನಲ್ಲಿ ನಿಂತಿದ್ದ ಅದರ ಎಂಜಿನ್ ಮೇಲೆ ಎಣ್ಣೆ, ಧೂಳು ಸೇರಿ ಬೆರಳು ದಪ್ಪದ ಕರಿ ಪದರ. ಆಫೀಸಿನಲ್ಲಿ ಕೀಬೋರ್ಡ್ ಒರೆಸೋಕೂ ಸೋಮಾರಿತನ ಮಾಡುವ ನಾನು ಎರಡು ದಿನ ಇದರ ಜೊತೆ ಗುದ್ದಾಡಿದೆ. ಗುದ್ದಾಡುತ್ತಾ ಯೋಚಿಸಿದ್ದನ್ನು ಇಲ್ಲಿ ಬರೀತಿದೀನಿ.

ಮೊದಲು ಈ ಗಾಡಿಗಳು ಮೈಸೂರಿಗೆ ಬಂದದ್ದು ಹೇಗೆ ಅಂತ ನೋಡೋಣ. ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಶಸ್ತ್ರಾಸ್ತ್ರ ತಯಾರಕ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡುಕೊಂಡ. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಐಡಿಯಲ್ ಜಾವಾ ಶುರು ಮಾಡಿದ್ದು 1960ರಲ್ಲಿ. ಜೆಕೊಸ್ಲೊವಾಕಿಯಾದ ಲೈಸೆನ್ಸಿನಲ್ಲಿ 1961ರಿಂದ ಬೈಕುಗಳು ಹೊರಬಂದವು. 70ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಬದಲಾಗಿ ಯೆಜ್ಡಿ ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರು ಅನ್ನುತ್ತಾರೆ. 1978ರಲ್ಲಿ ರೋಡ್‌ಕಿಂಗ್ ಬಂತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಬೇರೆಯವರ ಗಾಡಿ ಓಡಿಸಿ ಅಭ್ಯಾಸ ಇದ್ದವನು ಇದರ ಮೇಲೆ ಕೂತರೆ ಕಂಗಾಲು :-)

ಈಗ ಕೊಳೆ ವಿಷಯಕ್ಕೆ ಬರೋಣ. ಇದು ಟೂ ಸ್ಟ್ರೋಕ್ ಎಂಜಿನ್. ಇಂದಿನ ಬೈಕುಗಳಲ್ಲಿ ಎಂಜಿನ್ ಆಯಿಲ್ ಕೆಳಗೆ ಪ್ರತ್ಯೇಕವಾಗಿ ಇರುತ್ತದೆ. ಯೆಜ್ಡಿಯಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಅಪ್ಪ ಲೀಟರಿಗೆ 40 ಮಿಲಿ ಲೆಕ್ಕದಲ್ಲಿ ಹಾಕುತ್ತಿದ್ದರು. ಆ ಎಣ್ಣೆ ಬೇರಿಂಗು, ಪಿಸ್ಟನ್‌ಗಳನ್ನು ಸವರಿಕೊಂಡು ಹೋಗಿ ಪೆಟ್ರೋಲಿನ ಜೊತೆ ಉರಿಯುತ್ತದೆ. ಆದರೆ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ನೀಲಿ ಹೊಗೆಯಾಗಿ ಹೋಗುತ್ತದೆ, ಇಲ್ಲವೇ ಸೈಲೆನ್ಸರ್ ಒಳಗೆ ಮಸಿ ಕಟ್ಟುತ್ತದೆ, ಇಲ್ಲವೇ ಜಾಯಿಂಟುಗಳಿಂದ ಜಿನುಗಿ ಹೊರಗೆ ಅಂಟುತ್ತದೆ. ಅದರ ಮೇಲೆ ಧೂಳು ಕೂತರೆ ಮುಗೀತು ಕಥೆ. ಅಂದರೆ ಈ ಗಾಡಿಗಳು ಕೊಳೆಯಾಗುತ್ತಿದ್ದದ್ದು ಮಾಲೀಕನ ಸೋಮಾರಿತನದಿಂದ ಮಾತ್ರ ಅಲ್ಲ, ಅವುಗಳ ಹುಟ್ಟುಗುಣವೇ ಅದು. ಅದಕ್ಕೇ ಆಗ ಗಾಡಿ ಇಟ್ಟುಕೊಂಡವರೆಲ್ಲ ಅರ್ಧ ಮೆಕ್ಯಾನಿಕ್ ಆಗಿರುತ್ತಿದ್ದರು.

ನಮ್ಮ ಕಡೆ ಕೀಲಿಗೆ ಜಿಡ್ಡು ಹಚ್ಚುವುದೇನು ಹೊಸದಲ್ಲ. ಎತ್ತಿನಗಾಡಿಯ ಅಚ್ಚಿಗೆ ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು, ಅದೇ ಕೀಲೆಣ್ಣೆ. ಮೋಟಾರು ಗಾಡಿಯ ಗ್ರೀಸ್ ಬೇರೆ ಥರ. ಎಣ್ಣೆಯನ್ನು ಸೋಪಿನಲ್ಲಿ ಹಿಡಿದಿಟ್ಟರೆ ಗ್ರೀಸ್! ಹೌದು, ಸೋಪೇ. ಮೊದಲು ಸುಣ್ಣದಿಂದ ಮಾಡಿದ ಕ್ಯಾಲ್ಸಿಯಂ ಸೋಪು, 1940ರ ದಶಕದಿಂದ ಲಿಥಿಯಂ ಸೋಪು. ಸೋಪಿನಿಂದ ಆದದ್ದನ್ನು ಕೊನೆಗೆ ನಾವು ಸೋಪು ಹಾಕಿಯೇ ತೆಗೆಯುತ್ತೇವೆ, ತಮಾಷೆ ನೋಡಿ.

ಆದರೆ ನೇರವಾಗಿ ಸೋಪುನೀರು ಹಾಕಿದರೆ ಹಳೇ ಜಿಡ್ಡು ಜಗ್ಗುವುದಿಲ್ಲ. ಮೊದಲು ಎಣ್ಣೆಯನ್ನು ಎಣ್ಣೆಯಿಂದಲೇ ಕರಗಿಸಬೇಕು. ಅದಕ್ಕೆ ಸೀಮೆಎಣ್ಣೆ. ಹೊರಸೀಮೆಯಿಂದ ದೀಪಕ್ಕೆ ಅಂತ ಬಂದ ಎಣ್ಣೆ, ಆಮೇಲೆ ಅಡುಗೆಮನೆಯ ಸ್ಟವ್ವಿಗೆ, ಅಲ್ಲಿಂದ ಗ್ಯಾರೇಜಿಗೆ. ರೇಷನ್ನಿನ ನೀಲಿ ಸೀಮೆಎಣ್ಣೆಯಲ್ಲಿ ಒಂದು ಲೋಟ ಆಯುಧಪೂಜೆಗೆ ಅಂತ ಅಪ್ಪ ಎತ್ತಿಡುತ್ತಿದ್ದರಂತೆ, ಅಮ್ಮನಿಗೆ ಅದೇ ಜಗಳ. ಆಮೇಲೆ ಸರ್ಫ್ ನೀರು. ಸರ್ಫ್ ಪುಡಿ ಭಾರತಕ್ಕೆ ಬಂದದ್ದು 1959ರಲ್ಲಿ, ಮೈಸೂರಿನ ಜಾವಾಕ್ಕಿಂತ ಎರಡೇ ವರ್ಷ ಮೊದಲು. ಅದರ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಕರಗಿದ ಜಿಡ್ಡು ನೀರಿನ ಜೊತೆ ಹೊರಟುಹೋಗುತ್ತದೆ.

ನಾನು ಮಾಡಿದ್ದೂ ಅಷ್ಟೇ. ಊರಿಂದ ಎರಡು ಲೀಟರ್ ಸೀಮೆಎಣ್ಣೆ ತರಿಸಿದೆ. ಕಾರ್ಬೊರೇಟರ್ ಬಾಯಿಗೂ ಸೈಲೆನ್ಸರ್‌ಗಳಿಗೂ ಪ್ಲಾಸ್ಟಿಕ್ ಕಟ್ಟಿದೆ. ಎಂಜಿನ್ ತಣ್ಣಗಿದ್ದಾಗ, ಬಯಲಲ್ಲಿ, ಬೆಂಕಿಯಿಂದ ದೂರ ನಿಂತು ಪೇಂಟ್ ಬ್ರಶ್ಶಿನಲ್ಲಿ ಹಚ್ಚಿ ಹದಿನೈದು ನಿಮಿಷ ಬಿಟ್ಟೆ. ಮರದ ಚಕ್ಕೆಯಿಂದ ಕೆರೆದು, ಫಿನ್ನುಗಳ ಸಂದಿಗೆ ಹಳೇ ಟೂತ್‌ಬ್ರಶ್. ಕರಿ ರಾಡಿಯನ್ನು ಚರಂಡಿಗೆ ಬಿಡದೆ ತಟ್ಟೆಯಲ್ಲಿ ಹಿಡಿದು, ಮರದಪುಡಿಗೆ ಹೀರಿಸಿದೆ. ಅಪ್ಪ ಕುರ್ಚಿ ಹಾಕಿಕೊಂಡು ಕೂತು ನಿರ್ದೇಶನ: "ಕಾಸ್ಟಿಕ್ ಸೋಡಾ ಕಬ್ಬಿಣದ ಸೈಲೆನ್ಸರಿಗೆ ಮಾತ್ರ. ಎಂಜಿನ್ ಅಲ್ಯುಮಿನಿಯಂ, ತಿಂದುಹಾಕತ್ತೆ!" ಇದು ಕೆಮಿಸ್ಟ್ರಿಯಲ್ಲಿ ನಾನು ಓದಿದ್ದೇ, ಆದರೆ ಆ ಕ್ಷಣಕ್ಕೆ ನೆನಪಿರಲಿಲ್ಲ. ನಾನು ಮಾಡಿದ ತಪ್ಪೂ ಒಂದಿದೆ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ಪಾಯಿಂಟ್ ಒದ್ದೆ ಮಾಡಿದೆ. ಒಂದು ಗಂಟೆ ಕಿಕ್ ಹೊಡೆದರೂ ಉಸಿರಿಲ್ಲ. ಒಣಗಿಸಿದ ಮೇಲೇ ಮಾತಾಡಿದ್ದು.

80ರ ದಶಕದ ಮಧ್ಯದಲ್ಲಿ ಜಪಾನಿನ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. 1985ರ ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್. ಎಣ್ಣೆ ಬೆರೆಸುವ ಗೋಜಿಲ್ಲ, ಮಸಿ ಕಡಿಮೆ, ಮೈಲೇಜ್ ಜಾಸ್ತಿ. ಮೇಲಿಂದ ಹೊಗೆ ನಿಯಮಗಳು ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಬಂತು. ಆದರೆ ಅವು ಫೋರ್ ಸ್ಟ್ರೋಕ್, ಯಾದವಗಿರಿಯವೂ ಅಲ್ಲ. ಕೊಳೆಯಾಗದ ಗಾಡಿ ಬಂದಮೇಲೆ ಅದನ್ನು ಬಿಚ್ಚಿ ನೋಡುವ ಕೈಗಳೂ ಕಡಿಮೆಯಾದವು ಅನ್ನಿಸುತ್ತೆ. ಹೊಗೆ ಹೋದದ್ದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ.

ಕೊನೆಗೆ ಟೂಲ್ ಬಾಕ್ಸ್ ಮುಚ್ಚಳ ಒರೆಸುವಾಗ ಒಳಗಡೆ ಮೊಳೆಯಲ್ಲಿ ಗೀಚಿದ ಅಂಕಿಗಳು ಕಂಡವು. 90, 91, 92... ಒಂದರ ಕೆಳಗೊಂದು. ಏನಿದು ಅಂದೆ. "ಪ್ರತಿ ಆಯುಧಪೂಜೆಗೆ ಸೈಲೆನ್ಸರ್ ಬಿಚ್ಚಿ ತೊಳೆದ ಲೆಕ್ಕ" ಅಂದರು. ಕಾರ್ಖಾನೆ ಮುಚ್ಚಿದ ವರ್ಷ ಇದೆ. ನಾನು ಹುಟ್ಟಿದ ವರ್ಷ ಇದೆ. ಕಡೆಯದು 2011. ಮಾಡಿದವರೇ ಕೈಬಿಟ್ಟ ಮೇಲೂ ಹದಿನೈದು ವರ್ಷ ಈ ಮನುಷ್ಯ ಲೆಕ್ಕ ತಪ್ಪಿಸಿಲ್ಲ.

ಅಪ್ಪ ತುಂಬಾ ಹೊತ್ತು ಮುಚ್ಚಳ ಹಿಡಿದುಕೊಂಡು ಕೂತಿದ್ದರು. ಆಮೇಲೆ ಒಳಗೆ ಹೋಗಿ ಮೊಳೆ ತಂದು ನನ್ನ ಕೈಗೆ ಕೊಟ್ಟರು. "ಈ ವರ್ಷದ್ದು ನೀನೇ ಗೀಚು" ಅಂದರು.

ಭಾನುವಾರ ಬರಬೇಕಿದ್ದವರಿಗೆ ಫೋನ್ ಮಾಡಿ ಬೇಡ ಅಂದಾಯ್ತು. ಇನ್ನು ಕಿಕ್ ಹೊಡೆಯುವ ಕೆಲಸ ನನ್ನದು. ನಿಮ್ಮ ಮನೆ ಶೆಡ್ಡಿನಲ್ಲೂ ಇಂಥದ್ದೊಂದು ನಿಂತಿದ್ದರೆ ಒಮ್ಮೆ ತೊಳೆದು ನೋಡಿ. ಏನು ಸಿಕ್ತು ಅಂತ ತಪ್ಪದೆ ಬರೀರಿ.