ಕೋಡಿಮಠದ ಪಂಕ್ತಿ, ಗುಬ್ಬಿ ಕಂಪನಿಯ ಆನೆ

ಬಳ್ಳಿಗಾವಿಗೆ ಹೋದವರು ಕೇದಾರೇಶ್ವರನ ಗುಡಿ ನೋಡಿ, ಫೋಟೋ ತೆಗೆದುಕೊಂಡು ಬರುತ್ತಾರೆ. ಅಲ್ಲಿನ ಕೋಡಿಮಠದ 1162ರ ಶಾಸನದಲ್ಲಿ ಏನಿದೆಯೆಂದು ಕೇಳುವವರು ಕಡಿಮೆ. ವೇದ, ವ್ಯಾಕರಣ, ತರ್ಕ ಹೇಳಿಕೊಡುತ್ತಿದ್ದ ಮಠವದು. ಯಾರ್ಯಾರಿಗೆ ಅನ್ನ ಇಕ್ಕುತ್ತಿದ್ದರು ಎಂಬುದನ್ನೂ ಶಾಸನ ಬಿಡದೆ ಹೇಳುತ್ತದೆ. ದೀನರು, ಅನಾಥರು, ಕುಂಟರು, ಕುರುಡರು ಆದಮೇಲೆ ಅದೇ ಪಂಕ್ತಿಗೆ ಗಾಯಕರು, ವಾದಕರು, ಕೊಳಲಿನವರು, ನರ್ತಕರು, ವೈತಾಳಿಕರು ಬರುತ್ತಾರೆ. ಆಟ ತೋರಿಸಿ ಹೊಟ್ಟೆ ಹೊರೆಯುವವರ ಲೆಕ್ಕ ನಮ್ಮ ಸೀಮೆಯಲ್ಲಿ ಕಲ್ಲಿಗೇ ಏರಿದೆ.

ಆ ವೃತ್ತಿಗೆ ನಮ್ಮ ಕಾಲದ ದೊಡ್ಡ ಯಜಮಾನನೆಂದರೆ ಗುಬ್ಬಿ ವೀರಣ್ಣ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಅವರು ಹುಡುಗನಾಗಿ ಸೇರಿ, ಮುಂದೆ ಮಾಲೀಕರೇ ಆದರು. ಮಠದ ಅನ್ನವನ್ನು ನಂಬುವ ಕಾಲ ಆಗ ಮುಗಿದಿತ್ತು. ಟಿಕೆಟ್ಟಿನ ದುಡ್ಡೇ ಗತಿ. ಕಲೆಕ್ಷನ್ ಇರುವ ತನಕ ಒಂದೂರಲ್ಲಿ ಕ್ಯಾಂಪು, ಇಳಿಯಿತೋ, ಪರದೆ, ಪೆಟ್ಟಿಗೆ, ಹಾರ್ಮೋನಿಯಂ, ಸಂಸಾರ ಸಮೇತ ಮುಂದಿನೂರು. ಅಷ್ಟೂ ಜನರ ಅಡುಗೆಮನೆ ಸಂಜೆಯ ಗೇಟಿನ ಮೇಲೆ ನಿಂತಿರುತ್ತಿತ್ತು.

ಜನರನ್ನು ಎಳೆದು ತರುವ ವಿದ್ಯೆ ವೀರಣ್ಣನವರಿಗೆ ಚೆನ್ನಾಗಿ ಗೊತ್ತಿತ್ತು. 1930ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದರು. ಸರ್ಕಸ್ಸಿನವರಿಗೂ ಹೊಟ್ಟೆಕಿಚ್ಚಾಗುವ ಸಂಗತಿ! ಆದರೂ ಅವರ ಬಂಡವಾಳ ಆನೆಯಲ್ಲ, ನಗು. ‘ಸದಾರಮೆ’ಯ ಕಳ್ಳನಾಗಿ ಬಂದರೆಂದರೆ ಬರೆದ ಮಾತಿಗೆ ಕಟ್ಟುಬೀಳದೆ ಅಲ್ಲಲ್ಲೇ ಮಾತು ಹೆಣೆಯುತ್ತಿದ್ದರು.

ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ರಂಗಕ್ಕೆ ತಂದ ಧೈರ್ಯವೂ ಅವರದೇ. ಅವರ ಪತ್ನಿ ಬಿ. ಜಯಮ್ಮ ಸಿನಿಮಾದಲ್ಲೂ ಹೆಸರಾದರು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲ ಇದೇ ಗರಡಿಯವರು. ರಾಜಕುಮಾರರನ್ನು ನಾಯಕರನ್ನಾಗಿಸಿದ 1954ರ ‘ಬೇಡರ ಕಣ್ಣಪ್ಪ’ಕ್ಕೂ ಗುಬ್ಬಿಯ ನಂಟಿದೆ. ವೀರಣ್ಣ ತೀರಿಕೊಂಡದ್ದು 1972ರಲ್ಲಿ.

ಮನೆ ಬಿಟ್ಟು ಓಡಿಹೋಗಿ ಆ ಕಂಪನಿ ಸೇರಿದ ಇನ್ನೊಬ್ಬ ಹುಡುಗ, ಮುಂದೆ ನಾಟಕ ನಿರ್ದೇಶಕರಾದ ಬಿ.ವಿ. ಕಾರಂತ. ಅವರ ದಾರಿ ಬಳ್ಳಿಗಾವಿಗೆ ನೆರೆಯ ಸಾಗರ ಸೀಮೆಗೂ ಬಂತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಂ 1985ರಲ್ಲಿ ‘ತಿರುಗಾಟ’ ಹೊರಡಿಸಿತು. ಹೊಸ ನಾಟಕ ಕಟ್ಟಿಕೊಂಡು ವರ್ಷವರ್ಷ ಊರೂರು ಸುತ್ತುವ ಆ ತಂಡಕ್ಕೆ ಕಾರಂತರು ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಆಡಿಸಿದರು.