ಡಾರ್ವಿನ್ ನಗರದ ತಗಡಿನ ಮಾಡು

ಆಸ್ಟ್ರೇಲಿಯದ ಉತ್ತರ ಕರಾವಳಿಯಲ್ಲಿರುವ ಡಾರ್ವಿನ್ ನಗರದಲ್ಲಿ ಮನೆಯ ಮಾಡಿಗೆ ಅಲೆಯಾಕಾರದ ಲೋಹದ ತಗಡನ್ನು ಹೊದಿಸುವ ರೂಢಿ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಚಂಡಮಾರುತ ಬೀಸುವ ತೀರದಲ್ಲಿ ಆ ಹೊದಿಕೆ ಹೇಗಿರಬೇಕೆಂಬ ಪ್ರಶ್ನೆಯನ್ನು ಮಾತ್ರ ಅಲ್ಲಿನವರು ಮೊದಲ ನೂರು ವರ್ಷ ಬಹುಮಟ್ಟಿಗೆ ತಗಡಿನ ಗುಣದ ಪ್ರಶ್ನೆಯೆಂದೇ ತಿಳಿದಿದ್ದರು. ತಗಡನ್ನು ಮನೆಗೆ ಕಟ್ಟಿಹಾಕುವ ಮೊಳೆ, ಮೊಳೆ ಹಿಡಿದಿರುವ ಮರ, ಆ ಮರ ಕೂತಿರುವ ಗೋಡೆ ಇವುಗಳ ಕಡೆಗೆ ವಿಚಾರ ತಿರುಗಿದ್ದು 1974ರ ಡಿಸೆಂಬರ್ ತಿಂಗಳ ಒಂದು ರಾತ್ರಿಯ ನಂತರ. ಹಾಗೆ ತಿರುಗಿದ ಬಗೆಯನ್ನು ತಿಳಿಯಬೇಕಾದರೆ ಈ ತಗಡು ಎಲ್ಲಿ ಹುಟ್ಟಿತು, ಯಾವ ಕಾರಣಕ್ಕಾಗಿ ಅಷ್ಟು ದೂರದ ಕಡಲತೀರವನ್ನು ಸೇರಿತು ಎಂಬುದರಿಂದ ಆರಂಭಿಸಬೇಕಾಗುತ್ತದೆ.

ಲೋಹದ ಹಾಳೆಯನ್ನು ಅಲೆಅಲೆಯಾಗಿ ಮಡಿಸಿ ಕಟ್ಟಡಕ್ಕೆ ಬಳಸುವ ವಿಧಾನಕ್ಕೆ 1829ರಲ್ಲಿ ಪೇಟೆಂಟ್ ಪಡೆದವನು ಲಂಡನ್ ಬಂದರಿನ ಹಡಗುಕಟ್ಟೆಗಳಲ್ಲಿ ಎಂಜಿನಿಯರಾಗಿದ್ದ ಹೆನ್ರಿ ರಾಬಿನ್ಸನ್ ಪಾಮರ್. ಚಪ್ಪಟೆಯಾದ ತೆಳುಹಾಳೆಯನ್ನು ಎರಡು ತುದಿಗಳಲ್ಲಿ ಆನಿಸಿದರೆ ಅದು ತನ್ನ ಭಾರಕ್ಕೇ ಜೋಲುತ್ತದೆ. ಅದೇ ಹಾಳೆಗೆ ಏಣು ತಗ್ಗುಗಳ ಸಾಲು ಮೂಡಿಸಿದರೆ ಆ ಸಾಲಿನ ಉದ್ದಕ್ಕೆ ಅದು ತೊಲೆಯಂತೆ ಸೆಟೆದು ನಿಲ್ಲುತ್ತದೆ. ಹೀಗೆ ಆಕಾರದ ಬಲವೊಂದರಿಂದಲೇ ಅಗಲವಾದ ಸರಕುಮನೆಗಳ ಮೇಲೆ ಹಗುರವಾದ ಮಾಡು ಕಟ್ಟುವುದು ಸಾಧ್ಯವಾಯಿತು. ಆದರೆ ಬರಿಯ ಕಬ್ಬಿಣ ಕಡಲಗಾಳಿಗೆ ಬೇಗ ತುಕ್ಕು ಹಿಡಿಯುತ್ತಿತ್ತು. ಆ ಕೊರತೆಯನ್ನು ತುಂಬಿದ್ದು ಫ್ರಾನ್ಸಿನ ಸ್ತಾನಿಸ್ಲಾ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ ವಿಧಾನ, ಎಂದರೆ ಶುಚಿಗೊಳಿಸಿದ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಕ್ರಮ. ಇದನ್ನೇ ಇಂದು ಗ್ಯಾಲ್ವನೈಸ್ ಮಾಡುವುದು ಎನ್ನುತ್ತಾರೆ. ಕನ್ನಡನಾಡಿನ ಅಂಗಡಿಗಳಲ್ಲಿ ಜಿಂಕ್ ಶೀಟು ಎಂದು ಕೇಳಿ ಕೊಳ್ಳುವ ತಗಡಿನ ಮೂಲವೂ ಇದೇ. ಸತು ಕಬ್ಬಿಣವನ್ನು ನೀರಿನಿಂದ ಮರೆಮಾಡುವುದಷ್ಟೇ ಅಲ್ಲದೆ, ಲೇಪದಲ್ಲಿ ಗೀರು ಬಿದ್ದ ಕಡೆ ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಅದನ್ನು ಕಾಯುತ್ತದೆ. ಹಾಗೆ ಸವೆದು ಮುಗಿದ ಮೇಲೆ ಕಾಯುವವರಿಲ್ಲ ಎಂಬುದು ಇದರ ಮಿತಿ; ಉಪ್ಪಿನ ಗಾಳಿ ಆ ಸವೆತವನ್ನು ಬಹಳ ಬೇಗಗೊಳಿಸುತ್ತದೆ.

ಈ ತಗಡು ಲೋಕದ ನಾನಾ ಕರಾವಳಿಗಳನ್ನು ಮುಟ್ಟಿದ ಚರಿತ್ರೆಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಅದನ್ನು ಆರಿಸಿಕೊಂಡವರ ಲೆಕ್ಕದಲ್ಲಿ ಗಾಳಿಗೆ ಮೊದಲ ಸ್ಥಾನ ಇದ್ದದ್ದು ವಿರಳ. 1849ರಲ್ಲಿ ಕ್ಯಾಲಿಫೋರ್ನಿಯಕ್ಕೂ 1851ರ ನಂತರ ಆಸ್ಟ್ರೇಲಿಯದ ವಿಕ್ಟೋರಿಯಕ್ಕೂ ಚಿನ್ನವನ್ನರಸಿ ಜನ ನುಗ್ಗಿದಾಗ ಬ್ರಿಟನ್ನಿನ ಕಾರ್ಖಾನೆಗಳು ಬಿಡಿಭಾಗಗಳಾಗಿ ಕಳಚಿದ ಕಬ್ಬಿಣದ ಮನೆಗಳನ್ನೇ ಹಡಗಿನಲ್ಲಿ ಕಳುಹಿಸಿದವು. ಒಂದರೊಳಗೊಂದು ಕೂರುವ ತಗಡಿನ ಕಟ್ಟು ಹಡಗಿನ ಒಡಲಲ್ಲಿ ಕಡಿಮೆ ಜಾಗ ಹಿಡಿಯುತ್ತಿತ್ತು, ಹಂಚಿನಂತೆ ದಾರಿಯಲ್ಲಿ ಒಡೆಯುತ್ತಿರಲಿಲ್ಲ, ಹೊದಿಸಲು ನುರಿತ ಕೈ ಬೇಕಿರಲಿಲ್ಲ, ಗೆದ್ದಲು ಅದನ್ನು ತಿನ್ನುತ್ತಿರಲಿಲ್ಲ. ಇದಕ್ಕೂ ಮಿಗಿಲಾಗಿ, ಹುಲ್ಲಿನ ಮಾಡಿನಿಂದ ದೊರೆಯದ ತಿಳಿಯಾದ ಮಳೆನೀರು ತಗಡಿನ ಮಾಡಿನಿಂದ ತೊಟ್ಟಿಗೆ ಇಳಿಯುತ್ತಿತ್ತು. ಹೊಳೆ ಬಾವಿಗಳನ್ನು ನೆಚ್ಚಲಾಗದ ಆಸ್ಟ್ರೇಲಿಯದ ಒಳನಾಡಿನಲ್ಲಿ ಇದು ಬದುಕಿನ ಪ್ರಶ್ನೆಯೇ ಆಗಿತ್ತು. ಬ್ರಿಸ್ಟಲ್ಲಿನಲ್ಲಿ 1857ರಲ್ಲಿ ಉದ್ಯಮ ಆರಂಭಿಸಿದ ಜಾನ್ ಲೈಸಾಟ್ ಎಂಬವನ ಸಂಸ್ಥೆಯ ತಗಡು ಆ ಖಂಡದ ಮೂಲೆಮೂಲೆಗೂ ಹೋಯಿತು, 1921ರಲ್ಲಿ ಆ ಸಂಸ್ಥೆ ಆಸ್ಟ್ರೇಲಿಯದ ನ್ಯೂಕ್ಯಾಸಲ್ಲಿನಲ್ಲಿಯೇ ಕಾರ್ಖಾನೆ ತೆರೆಯಿತು. ಕಬ್ಬಿಣದ ಜಾಗಕ್ಕೆ ಉಕ್ಕು ಬಂದು ಎಷ್ಟೋ ಕಾಲವಾದ ಮೇಲೂ ಅಲ್ಲಿಯ ಜನ ಅದನ್ನು ಕಬ್ಬಿಣವೆಂದೇ ಕರೆಯುತ್ತಾರೆ.

ಅಟ್ಲಾಂಟಿಕ್ ಕಡೆಯ ಕೀ ವೆಸ್ಟ್ ದ್ವೀಪದಲ್ಲಿಯೂ ಕತೆ ಹೆಚ್ಚು ಬೇರೆಯಲ್ಲ. ಹರಿಕೇನ್ ಎಂದು ಅಮೆರಿಕದವರೂ ಸೈಕ್ಲೋನ್ ಎಂದು ಆಸ್ಟ್ರೇಲಿಯದವರೂ ಕರೆಯುವುದು ಒಂದೇ ಬಗೆಯ ಉಷ್ಣವಲಯದ ಚಂಡಮಾರುತವನ್ನು. ಹರಿಕೇನಿನ ಹಾದಿಯಲ್ಲೇ ಇರುವ ಆ ಫ್ಲಾರಿಡಾ ದ್ವೀಪದ ಮರದ ಮನೆಗಳ ಮೇಲೆ ತಗಡಿನ ಬಿಲ್ಲೆಗಳ ಮಾಡು ವ್ಯಾಪಕವಾದದ್ದು 1886ರ ಬೆಂಕಿ ಊರಿನ ದೊಡ್ಡ ಭಾಗವನ್ನು ಸುಟ್ಟ ಮೇಲೆ, ಕಿಡಿ ಹಾರಿ ಬಿದ್ದರೂ ಹೊತ್ತಿಕೊಳ್ಳದ ಹೊದಿಕೆ ಬೇಕೆಂಬ ಕಾರಣದಿಂದ. ಮುಖ್ಯನಾಡಿನಿಂದ ಕೊಳವೆಯಲ್ಲಿ ನೀರು ಬಂದದ್ದು 1942ರಲ್ಲಿ. ಅಲ್ಲಿಯವರೆಗೆ ಮಾಡಿನಿಂದ ತೊಟ್ಟಿಗಿಳಿದ ಮಳೆನೀರೇ ಆ ದ್ವೀಪದ ಮುಖ್ಯ ಆಸರೆ. ಬೆಂಕಿ, ನೀರು, ಹಡಗಿನ ಬಾಡಿಗೆ, ಗೆದ್ದಲು ಇವೆಲ್ಲ ಸೇರಿ ತಗಡನ್ನು ಚಂಡಮಾರುತದ ತೀರಗಳಲ್ಲಿ ನೆಲೆಗೊಳಿಸಿದ್ದವು.

ಅಂಥ ತೀರಗಳಲ್ಲೊಂದರಲ್ಲಿ 1869ರಲ್ಲಿ ಪಾಮರ್ಸ್ಟನ್ ಎಂಬ ಹೆಸರಿನಲ್ಲಿ ಅಳೆದು ಹಂಚಿದ ಊರು 1911ರಲ್ಲಿ ಡಾರ್ವಿನ್ ಎನಿಸಿತು. 1897ರ ಜನವರಿಯ ಚಂಡಮಾರುತ ಅದನ್ನು ಒಮ್ಮೆ ಕೆಡವಿತು, 1937ರ ಮಾರ್ಚಿನಲ್ಲಿ ಮತ್ತೊಂದು ಅಪ್ಪಳಿಸಿತು, 1942ರಲ್ಲಿ ಜಪಾನಿ ವಿಮಾನಗಳ ಬಾಂಬುಗಳು ಬಿದ್ದವು. ಪ್ರತಿ ಬಾರಿಯೂ ಊರು ಹೆಚ್ಚುಕಡಿಮೆ ಹಳೆಯ ರೀತಿಯಲ್ಲೇ ಮತ್ತೆ ಎದ್ದಿತು. ಯುದ್ಧದ ನಂತರ ಸರ್ಕಾರಿ ನೌಕರರ ಸಂಖ್ಯೆ ಏರಿದಂತೆ ಉತ್ತರದ ಬಡಾವಣೆಗಳಲ್ಲಿ ಸಾವಿರಾರು ಮನೆಗಳು ಬಂದವು. ಅವುಗಳಲ್ಲಿ ಬಹಳಷ್ಟು ಕಂಬಗಳ ಮೇಲೆ ಎತ್ತರಿಸಿದ ಮರದ ಚೌಕಟ್ಟಿನವು, ಗೋಡೆಗೆ ತೆಳುವಾದ ಆಸ್ಬೆಸ್ಟಾಸ್ ಸಿಮೆಂಟ್ ಹಲಗೆ, ಕಿಟಕಿಗೆ ಗಾಜಿನ ಪಟ್ಟಿಗಳು, ತಲೆಯ ಮೇಲೆ ಉಕ್ಕಿನ ತಗಡು. ಕೆಳಗಿನಿಂದಲೂ ಪಕ್ಕದಿಂದಲೂ ಗಾಳಿಯಾಡುವ ಈ ಮನೆ ಸೆಕೆಯ ನಾಡಿಗೆ ಅರಿತು ಮಾಡಿದ ಮನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ದೊಡ್ಡ ಕಟ್ಟಡಗಳಿಗೆ ಎಂಜಿನಿಯರು ಗಾಳಿಯ ಲೆಕ್ಕ ಹಾಕುತ್ತಿದ್ದರೆ, ವಾಸದ ಮನೆಯ ಬಹುಭಾಗ ಬಡಗಿಯ ರೂಢಿಯನ್ನು ಅನುಸರಿಸಿ ಮೇಲೇಳುತ್ತಿತ್ತು.

1974ರ ಡಿಸೆಂಬರ್ 24ರ ರಾತ್ರಿ ಕಡಲಿನಿಂದ ಬಂದ ಟ್ರೇಸಿ ಎಂಬ ಚಂಡಮಾರುತ ವಿಸ್ತಾರದಲ್ಲಿ ಬಹಳ ಚಿಕ್ಕದು, ಕೇಂದ್ರದಿಂದ ಸುಮಾರು 50 ಕಿಲೋಮೀಟರಿನ ಆಚೆ ಅದರ ಬಿರುಗಾಳಿ ಇರಲಿಲ್ಲ. ಆದರೆ ಅದು ನಿಧಾನವಾಗಿ ನಗರದ ಮೇಲೆಯೇ ಹಾದುಹೋಯಿತು. ವಿಮಾನನಿಲ್ದಾಣದ ಗಾಳಿಮಾಪಕ ಗಂಟೆಗೆ 217 ಕಿಲೋಮೀಟರ್ ವೇಗವನ್ನು ದಾಖಲಿಸಿ ಕೆಟ್ಟುನಿಂತಿತು. ಚಂಡಮಾರುತದ ನಡುವಿನ ಶಾಂತ ವಲಯಕ್ಕೆ ಕಣ್ಣು ಎನ್ನುತ್ತಾರೆ. ಆ ಕಣ್ಣು ಮೇಲೆ ಬಂದಾಗ ಗಾಳಿ ಸ್ವಲ್ಪ ಹೊತ್ತು ನಿಂತು, ಅದು ದಾಟಿದೊಡನೆ ವಿರುದ್ಧ ದಿಕ್ಕಿನಿಂದ ಮತ್ತೆ ಹೊಡೆಯುತ್ತದೆ, ಒಂದು ಕಡೆಗೆ ಸಡಿಲಗೊಂಡ ಮನೆ ಈಗ ಇನ್ನೊಂದು ಕಡೆಯ ಏಟನ್ನು ತಾಳಬೇಕಾಗುತ್ತದೆ. ಮಾಡಿನಿಂದ ಕಿತ್ತುಬಂದ ತಗಡುಗಳು ಕತ್ತಲಲ್ಲಿ ರಸ್ತೆಯುದ್ದಕ್ಕೂ ಕಿರಿಚುತ್ತ ಎಳೆದುಹೋದ ಸದ್ದನ್ನು ಬದುಕುಳಿದವರು ದಶಕಗಳ ನಂತರವೂ ನೆನೆದಿದ್ದಾರೆ. ಸತ್ತವರು 66 ಮಂದಿ. ನಗರದ ಮನೆಗಳಲ್ಲಿ ಬಹುಪಾಲು ವಾಸಕ್ಕೆ ಬಾರದಂತಾದವು, ಸುಮಾರು 47,000 ಜನರಲ್ಲಿ 35,000ಕ್ಕೂ ಹೆಚ್ಚು ಮಂದಿಯನ್ನು ಕೆಲವೇ ದಿನಗಳಲ್ಲಿ ಬೇರೆ ನಗರಗಳಿಗೆ ಸಾಗಿಸಬೇಕಾಯಿತು, ಹೋದವರಲ್ಲಿ ಅನೇಕರು ಮರಳಲಿಲ್ಲ.

ಅವಶೇಷಗಳ ನಡುವೆ ತಿರುಗಿ ಮನೆಗಳು ಏಕೆ ಬಿದ್ದವೆಂದು ಪರಿಶೀಲಿಸಿ 1975ರಲ್ಲಿ ವರದಿ ಕೊಟ್ಟವರು ಟೌನ್ಸ್‌ವಿಲ್ಲಿನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಎಂಜಿನಿಯರ್ ಜಾರ್ಜ್ ವಾಕರ್. 1971ರ ಡಿಸೆಂಬರಿನಲ್ಲಿ ಆಲ್ತಿಯ ಚಂಡಮಾರುತ ಟೌನ್ಸ್‌ವಿಲ್ಲನ್ನೇ ಹೊಡೆದಿದ್ದರಿಂದ ಆ ವಿಶ್ವವಿದ್ಯಾಲಯದವರಿಗೆ ಮುರಿದ ಮನೆಗಳನ್ನು ಓದುವ ಅಭ್ಯಾಸ ಆಗಲೇ ಆಗಿತ್ತು. ಡಾರ್ವಿನ್ನಿನಲ್ಲಿ ಕಂಡ ಮುಖ್ಯ ಸಂಗತಿ ಅನಿರೀಕ್ಷಿತವಾದದ್ದು: ಎಷ್ಟೋ ಕಡೆ ತಗಡು ಹಾರಿಹೋಗಿದ್ದರೂ ಅದನ್ನು ಹಿಡಿದಿದ್ದ ಸ್ಕ್ರೂಗಳು ಮರದಲ್ಲಿ ಹಾಗೆಯೇ ನಿಂತಿದ್ದವು. ಸ್ಕ್ರೂವಿನ ತಲೆಯ ಸುತ್ತ ತಗಡು ಬಿರಿದು, ಬಿರುಕು ಹಿಗ್ಗಿ, ಕೊನೆಗೆ ಆ ತೂತಿನ ಮೂಲಕ ತಲೆಯೇ ನುಸುಳಿಕೊಂಡಿತ್ತು.

ಇದನ್ನು ತಿಳಿಯಲು ಗಾಳಿ ಮಾಡಿನ ಮೇಲೆ ಏನು ಮಾಡುತ್ತದೆಂಬುದನ್ನು ನೋಡಬೇಕು. ಗಾಳಿ ಮಾಡನ್ನು ಒತ್ತುತ್ತದೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ತಗ್ಗಿನ ಇಳಿಜಾರಿನ ಮಾಡಿನ ಮೇಲೆ ಹರಿಯುವ ಗಾಳಿ ಅದನ್ನು ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ, ಸೂರಿನ ಅಂಚು, ಮೂಲೆ, ನೆತ್ತಿ ಇವುಗಳ ಬಳಿ ಆ ಹೀರಿಕೆ ಅತಿ ಹೆಚ್ಚು. ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಅದೂ ಒಂದೇ ಸಮನೆ ಎಳೆಯುವ ಬಲವಲ್ಲ, ಬೀಸಿಗೊಮ್ಮೆ ಎಳೆದು ಬಿಡುವ ಬಲ. ಕತ್ತರಿಯಿಲ್ಲದೆ ತಂತಿಯನ್ನು ತುಂಡರಿಸುವವರು ಅದನ್ನು ಒಂದೇ ಜಾಗದಲ್ಲಿ ಅತ್ತಿತ್ತ ಬಾಗಿಸುವಂತೆ, ಚಂಡಮಾರುತ ತಾಸುಗಟ್ಟಲೆ ತಗಡನ್ನು ಸ್ಕ್ರೂವಿನ ಸುತ್ತ ಬಾಗಿಸುತ್ತದೆ. ಲೋಹದ ಈ ಸೋಲಿಗೆ ದಣಿವು ಎಂದು ಹೆಸರು. ಕೋಟಿಗಟ್ಟಲೆ ಸಾರಿ ತಿರುಗಿದ ಯಂತ್ರದಲ್ಲಿ ಕಾಣುವ ದಣಿವಿಗಿಂತ ಇದು ಬೇರೆ, ಕೆಲವೇ ಸಾವಿರ ಬಾಗುಗಳಲ್ಲಿ ಮುಗಿಯುವಂಥದ್ದು. ಹಳೆಯ ದಪ್ಪ, ಮೆದು ತಗಡಿನ ಬದಲಿಗೆ ಹೆಚ್ಚು ಬಲದ ತೆಳು ಉಕ್ಕು ಬಂದದ್ದು ಉಳಿತಾಯದ ದೃಷ್ಟಿಯಿಂದ ಮುನ್ನಡೆಯೇ ಆಗಿದ್ದರೂ, ತೆಳುವಾಗಿ ಗಡುಸಾದ ಆ ಉಕ್ಕು ತೂತಿನ ಬಳಿ ಬಿರಿಯುವುದರಲ್ಲಿ ಮುಂದಿತ್ತು. ಮಾರುಕಟ್ಟೆಗೆ ಬರುವ ಮೊದಲು ಆ ತಗಡುಗಳನ್ನು ಪರೀಕ್ಷಿಸಿರಲಿಲ್ಲವೆಂದಲ್ಲ. ಭಾರವನ್ನು ಒಂದೇ ಸಲ ಮೆಲ್ಲಮೆಲ್ಲನೆ ಏರಿಸುವ ಪರೀಕ್ಷೆಯಲ್ಲಿ ಅವು ತೇರ್ಗಡೆಯಾಗಿದ್ದವು, ಪರೀಕ್ಷೆಯೇ ಚಂಡಮಾರುತದಂತೆ ಇರಲಿಲ್ಲ.

ಒಂದು ಸ್ಕ್ರೂ ಸೋತರೆ ಅದರ ಹೊರೆ ಪಕ್ಕದ್ದಕ್ಕೆ ಹೋಗಿ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ. ಡಾರ್ವಿನ್ನಿನ ಮನೆಗಳಲ್ಲಿ ಇದರ ಫಲ ಮಾಡಿಗೆ ನಿಲ್ಲಲಿಲ್ಲ, ಏಕೆಂದರೆ ಗೋಡೆಗಳ ನೆತ್ತಿಯನ್ನು ಒಟ್ಟಿಗೆ ಹಿಡಿದು ಅವು ಓಲಾಡದಂತೆ ಮಾಡಿದ್ದು ಮಾಡು ಮತ್ತು ಒಳಚಾವಣಿಗಳೇ. ಅವು ಹೋದಮೇಲೆ ಗೋಡೆಗಳು ಬಿದ್ದು ಕಂಬಗಳ ಮೇಲೆ ಬರಿಯ ನೆಲಹಲಗೆ ಉಳಿದ ಮನೆಗಳು ಸಾಲಾಗಿ ಕಂಡವು. ಹಾರಿಬಂದ ತಗಡು ಮರಗಳು ನೆರೆಮನೆಯ ಕಿಟಕಿಯನ್ನು ಒಡೆದಾಗ ಒಳಗೆ ನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ನೂಕಿ, ಮೇಲಿನ ಹೀರಿಕೆಗೆ ಜೊತೆಯಾಯಿತು. ಹೀಗೆ ಒಬ್ಬರ ಮಾಡಿನ ಸಡಿಲ ಸ್ಕ್ರೂ ಬೀದಿಯವರೆಲ್ಲರ ಆಪತ್ತಾಗಿತ್ತು.

1975ರಲ್ಲಿ ರಚನೆಯಾದ ಪುನರ್ನಿರ್ಮಾಣ ಆಯೋಗದ ಕಾಲದಲ್ಲಿ ಡಾರ್ವಿನ್ ಪ್ರದೇಶಕ್ಕೆಂದೇ ಬಂದ ಕಟ್ಟಡ ಕೈಪಿಡಿ, ಮಾಡಿನ ತಗಡು ಮತ್ತು ಅದರ ಸ್ಕ್ರೂ ಒಟ್ಟಾಗಿ 10,000 ಸಲ ಎಳೆತ ಬಿಡಿತಗಳನ್ನು ತಾಳಿದ ಮೇಲೆಯೂ ಗಟ್ಟಿಯಾಗಿರಬೇಕೆಂದು ವಿಧಿಸಿತು. ಸ್ಕ್ರೂವಿನ ತಲೆಯಡಿ ಅಗಲವಾದ ವಾಷರ್, ಅಂದರೆ ಎಳೆತವನ್ನು ಒಂದು ಬಿಂದುವಿನಿಂದ ಸುತ್ತಲಿಗೆ ಹಂಚುವ ಬಿಲ್ಲೆ, ಬಳಕೆಗೆ ಬಂತು. ಸ್ಕ್ರೂಗಳ ನಡುವಣ ಅಂತರ ಕಡಿಮೆಯಾಯಿತು. ಕಿಟಕಿ ಒಡೆದೇ ಒಡೆಯುತ್ತದೆಂದು ಎಣಿಸಿ ಮಾಡಿನ ಬಲವನ್ನು ಲೆಕ್ಕಹಾಕಬೇಕಾಯಿತು. 1977ರಲ್ಲಿ ಟೌನ್ಸ್‌ವಿಲ್ಲಿನಲ್ಲಿ ಚಂಡಮಾರುತ ಪರೀಕ್ಷಾ ಕೇಂದ್ರ ಸ್ಥಾಪನೆಯಾಯಿತು. ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು: ಹೊಸ ಮನೆಗಳಲ್ಲಿ ಅನೇಕವು ನೆಲಕ್ಕೆ ಅಂಟಿದ ಸಿಮೆಂಟ್ ಇಟ್ಟಿಗೆಯ ಗೂಡುಗಳಾದವು, ಎತ್ತರದ ಮನೆಯ ತಂಗಾಳಿ ಹೋಗಿ ಸೆಕೆ ಉಳಿಯಿತು. ಗಾಳಿಗೆ ಅಂಜಿ ಗಾಳಿಯನ್ನೇ ಹೊರಗಿಟ್ಟ ಈ ತಿರುವು ದುಃಖದ್ದು. ಎತ್ತರದ ಮನೆಯನ್ನೇ ಬಲಪಡಿಸಿ ಕಟ್ಟಬಹುದೆಂಬುದು ಮುಂದೆ ಸ್ಪಷ್ಟವಾಯಿತು.

ಹೊದಿಕೆಗಿಂತ ಅದನ್ನು ಹಿಡಿದಿಡುವ ಕಟ್ಟೇ ಮುಖ್ಯವೆಂಬ ಪಾಠವನ್ನು ಫ್ಲಾರಿಡಾ ಬೇರೆ ದಾರಿಯಿಂದ ಕಲಿತದ್ದು 1992ರ ಆಗಸ್ಟ್ 24ರ ಆ್ಯಂಡ್ರೂ ಹರಿಕೇನಿನ ನಂತರ. ಅಲ್ಲಿ ಎದ್ದುಕಂಡದ್ದು ತಗಡಿನ ದಣಿವಲ್ಲ. ಮಾಡಿನ ಹಲಗೆಗೆ ಮೊಳೆಯ ಬದಲು ಹೊಡೆದ ಸ್ಟೇಪಲ್ ಪಿನ್ನುಗಳು, ಮರಕ್ಕೆ ತಾಗದೆ ಪಕ್ಕದಲ್ಲಿ ಇಳಿದ ಪಿನ್ನುಗಳು, ಕಣ್ಣಾಡಿಸದ ತಪಾಸಣೆ.

ಉಪ್ಪಿನ ವಿಷಯದಲ್ಲಿಯೂ ಎಪ್ಪತ್ತರ ದಶಕ ಬದಲಾವಣೆ ತಂದಿತು. ಶೇ. 55ರಷ್ಟು ಅಲ್ಯೂಮಿನಿಯಂ, ಉಳಿದುದರಲ್ಲಿ ಬಹುಪಾಲು ಸತು, ಅಲ್ಪ ಸಿಲಿಕಾನ್ ಸೇರಿದ ಲೇಪವನ್ನು ಅಮೆರಿಕದಲ್ಲಿ 1972ರಲ್ಲಿಯೂ ಆಸ್ಟ್ರೇಲಿಯದಲ್ಲಿ 1976ರಲ್ಲಿಯೂ ಮಾರಾಟಕ್ಕೆ ತಂದರು. ಬರಿಯ ಸತುವಿಗಿಂತ ಅದು ಬಹುಕಾಲ ಬಾಳುತ್ತದೆ. ಆದರೂ ಸೂರಿನ ಅಡಿಭಾಗದಂತೆ ಮಳೆ ತೊಳೆಯದ ಜಾಗದಲ್ಲಿ ಉಪ್ಪು ಕೂತು ತುಕ್ಕು ಮೊದಲು ಹುಟ್ಟುತ್ತದೆ, ಸ್ಕ್ರೂವಿನ ಲೇಪ ಕಳಪೆಯಾದರೆ ತಗಡಿಗಿಂತ ಮೊದಲು ಸ್ಕ್ರೂ ಕರಗುತ್ತದೆ.

2006ರ ಮಾರ್ಚಿನಲ್ಲಿ ಲ್ಯಾರಿ, 2011ರ ಫೆಬ್ರವರಿಯಲ್ಲಿ ಯಾಸಿ ಚಂಡಮಾರುತಗಳು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ತೀರವನ್ನು ಹೊಡೆದಾಗ ಹೊಸ ನಿಯಮದಂತೆ ಕಟ್ಟಿದ ಮನೆಗಳು ಹಳೆಯವುಗಳಿಗಿಂತ ಬಹಳ ಚೆನ್ನಾಗಿ ನಿಂತವು. ಆ ಚಂಡಮಾರುತಗಳ ನಂತರದ ಸಮೀಕ್ಷೆಗಳಲ್ಲಿ ಇನ್ನೊಂದು ದೃಶ್ಯವೂ ಕಂಡಿತು: ಹಳೆಯ ಮನೆಗೆ ಹೊಸ ತಗಡು, ಹೊಸ ಸ್ಕ್ರೂ ಹಾಕಿಸಿದ್ದ ಕೆಲವು ಕಡೆ ಸ್ಕ್ರೂ ಬಿಡದೆ, ತಗಡು ಬಿರಿಯದೆ, ತಗಡಿನೊಂದಿಗೆ ಅದರಡಿಯ ರೀಪುಗಳೂ ಒಟ್ಟಿಗೇ ಹಾರಿಹೋಗಿದ್ದವು. ರೀಪು ಎಂದರೆ ತಗಡನ್ನು ನೇರವಾಗಿ ಹೊರುವ ಅಡ್ಡಪಟ್ಟಿ, ಅದು ಇಳಿಜಾರಾಗಿ ನಿಂತ ಪಕ್ಕಾಸುಗಳ ಮೇಲೆ ಕೂರುತ್ತದೆ. ರೀಪನ್ನು ಪಕ್ಕಾಸಿಗೆ ಹಿಡಿದಿದ್ದದ್ದು ಅಜ್ಜಂದಿರ ಕಾಲದ ಒಂದೆರಡು ಮೊಳೆ ಮಾತ್ರ. ಬಲಹೀನವಾದ ಕೊಂಡಿ ಮಾಯವಾಗಿರಲಿಲ್ಲ, ಒಂದು ಮೆಟ್ಟಿಲು ಕೆಳಗಿಳಿದಿತ್ತು. 2018ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ 1984ಕ್ಕೆ ಮೊದಲು ಕಟ್ಟಿದ ಕರಾವಳಿ ಮನೆಗಳನ್ನು ಬಲಪಡಿಸಲು ನೆರವು ಕೊಡಲಾರಂಭಿಸಿದಾಗ, ಮಾಡಿನ ತಗಡು ಬದಲಿಸುವ ಕೆಲಸದೊಂದಿಗೆ ರೀಪಿನಿಂದ ಪಕ್ಕಾಸಿಗೂ ಪಕ್ಕಾಸಿನಿಂದ ಗೋಡೆಗೂ ಬಿಗಿಯುವ ಕಟ್ಟುಗಳನ್ನು ಸೇರಿಸಿಯೇ ಆ ನೆರವಿನ ಪಟ್ಟಿಯನ್ನು ಬರೆಯಿತು.